ಅವ್ವಮ್ಮ ಎಂಬ ಹೆಸರು ಹಳತಾದದ್ದು ಯಾವಾಗ?

ಹೆಣ್ಣು ಮಗು ಹುಟ್ಟಿ ಐದು ದಿನ ಕಳೆದಿದ್ದ ಮನೆಯೊಂದಕ್ಕೆ ಇತ್ತೀಚೆಗೆ ಹೋಗಿದ್ದೆ. ಅದು ಬಾಣಂತಿಯ ತವರುಮನೆ. ಚಾವಡಿಯಲ್ಲಿ ಹೆಸರಿನ ಚರ್ಚೆ ಬಿರುಸಾಗಿ ನಡೆದಿತ್ತು. ಮಗುವಿನ ತಂದೆಗೆ 'ಝೋಯಾ' ಎಂಬ ಹೆಸರು ಮನಸ್ಸಿಗೆ ಹತ್ತಿತ್ತು. ಅವನ ತಂಗಿ 'ಇನಾಯಾ' ಎನ್ನುತ್ತಿದ್ದಳು. ದುಬೈಯಲ್ಲಿರುವ ಭಾವ ಮೊಬೈಲಿನಲ್ಲಿ ಇನ್ನೂ ಮೂರು ಹೆಸರುಗಳನ್ನು ಕಳುಹಿಸಿದ್ದ. ಒಳಕೋಣೆಯಲ್ಲಿದ್ದ ಬಾಣಂತಿಗೆ ಮಾತ್ರ ಒಂದೇ ಆಸೆ, 'ಹವ್ವಾ' ಎಂದಿಡಬೇಕು ಎಂದು. ಅದು ಅವಳನ್ನು ಸಾಕಿ ಬೆಳೆಸಿದ ಅಜ್ಜಿಯ ಹೆಸರು. ಊರಿಗೆಲ್ಲ ಅವರು ಅವ್ವಮ್ಮ. ಚರ್ಚೆಯನ್ನು ಮುಗಿಸಿದವರು ಆ ಅಜ್ಜಿಯೇ. ಬಾಗಿಲ ಬಳಿ ಕುಳಿತಿದ್ದ ಅವರು, "ನನ್ನ ಹೆಸರು ಬೇಡ ಮಗಳೇ, ಅದು ಹಳೆಯ ಹೆಸರು. ಶಾಲೆಯಲ್ಲಿ ಮಕ್ಕಳು ನಗುತ್ತಾರೆ" ಎಂದರು. ಯಾರೂ ಅವರ ಮಾತನ್ನು ಅಲ್ಲಗಳೆಯಲಿಲ್ಲ. ಅಲ್ಲಿದ್ದವರ ಮುಖದಲ್ಲಿ ಕಂಡದ್ದು ಒಂದು ಬಗೆಯ ನಿರಾಳ.

ಆ ನಿರಾಳವೇ ಈ ಬರಹಕ್ಕೆ ಕಾರಣ.

ಮೊದಲೇ ಹೇಳಿಬಿಡುತ್ತೇನೆ. ಮಗುವಿಗೆ ಝೋಯಾ ಎಂದು ಹೆಸರಿಡುವುದು ಪಾಪವೆಂದು ನಾನು ಹೇಳಲಾರೆ. ಇನಾಯಾ ಎಂದರೆ ಕಾಳಜಿ, ಆರೈಕೆ. ಬಹಳ ಒಳ್ಳೆಯ ಪದ. ಹೊಸ ಹೆಸರುಗಳನ್ನು ಕಂಡೊಡನೆ ಹುಬ್ಬು ಗಂಟಿಕ್ಕುವ ಉಸ್ತಾದರ ಸಾಲಿಗೆ ಸೇರುವ ಇರಾದೆ ನನಗಿಲ್ಲ. ನನ್ನ ತಕರಾರು ಬೇರೆ. ತನ್ನ ಹೆಸರು ಮರಿಮೊಮ್ಮಗಳಿಗೆ ನಾಚಿಕೆಯ ಸಂಗತಿಯಾದೀತು ಎಂದು ಎಂಬತ್ತು ದಾಟಿದ ಹಿರಿಯರೊಬ್ಬರಿಗೆ ಅನ್ನಿಸುವಂತೆ ಮಾಡಿದವರು ಯಾರು? ಆ ಹೆಸರು ಮನುಕುಲದ ಆದಿಮಾತೆಯದು. ಅದಕ್ಕಿಂತ ಹಳೆಯ ಹೆಸರು ಹೆಣ್ಣಿಗೆ ಇಲ್ಲವೆಂಬುದು ನಿಜವೇ. ಆದರೆ ಹಳೆಯದು ಎಂಬುದು ಕೀಳು ಎಂಬುದಕ್ಕೆ ಪರ್ಯಾಯ ಪದವಾದದ್ದು ಯಾವಾಗ?

'ಅರ್ಥ ನೋಡಿ ಇಡುತ್ತಿದ್ದೇವೆ' ಎಂಬುದು ಯುವ ತಂದೆತಾಯಿಯರ ಸಿದ್ಧ ಉತ್ತರ. ಸರಿ, ಅರ್ಥವನ್ನೇ ನೋಡೋಣ. ಝೋಯಾ ಅರಬಿ ಪದವಲ್ಲ, ಫಾರ್ಸಿಯೂ ಅಲ್ಲ. ಅದರ ಮೂಲ ಗ್ರೀಕ್. ರಷ್ಯನ್ನರ ನಡುವೆ ಬಳಕೆಯಲ್ಲಿದ್ದು ಅಲ್ಲಿಂದ ಹರಡಿದ್ದು. ಅರ್ಥ, ಜೀವ. ಹವ್ವಾ ಎಂಬ ಹೆಸರನ್ನೂ ವಿದ್ವಾಂಸರು ಜೀವ ಎಂಬ ಅರ್ಥದ ಮೂಲಕ್ಕೇ ಸೇರಿಸುತ್ತಾರೆ. ಅರಬಿಯ 'ಹಯ್ಯ್', ಅಂದರೆ ಜೀವಂತ ಎಂಬ ಪದದ ನಂಟು ಅದಕ್ಕಿದೆ. ಪ್ರಾಚೀನ ಕಾಲದಲ್ಲಿ ಯಹೂದಿಗಳ ಗ್ರಂಥವನ್ನು ಗ್ರೀಕ್ ಭಾಷೆಗೆ ತಂದವರು ಹವ್ವಾ ಎಂದು ಹೆಸರಿಟ್ಟ ಸಂದರ್ಭದಲ್ಲಿ ಆ ಹೆಸರನ್ನು ಅನುವಾದಿಸಿ 'ಝೋಯೀ' ಎಂದೇ ಬರೆದರು. ಅಂದರೆ ಆ ಚಾವಡಿಯಲ್ಲಿ ಗಂಡ ಮತ್ತು ಹೆಂಡತಿ ಎರಡು ದಿನ ಜಗಳವಾಡಿದ್ದು ಒಂದೇ ಹೆಸರಿಗಾಗಿ. ಅವನು ಕೇಳುತ್ತಿದ್ದುದು ಗ್ರೀಕ್ ಭಾಷೆಯ ಹವ್ವಾಳನ್ನು, ಅವಳು ಕೇಳುತ್ತಿದ್ದುದು ತನ್ನ ಅಜ್ಜಿಯ ಹವ್ವಾಳನ್ನು. ಇನ್ನು ಆಯಿಶಾ ಎಂದರೂ ಬದುಕುವವಳು, ಜೀವಂತಳು ಎಂದೇ ಅರ್ಥ. ಅರ್ಥವೇ ಮಾನದಂಡವಾಗಿದ್ದರೆ ಐಸಮ್ಮ, ಅವ್ವಮ್ಮ, ಝೋಯಾ ಈ ಮೂವರೂ ಒಂದೇ ತಕ್ಕಡಿಯಲ್ಲಿ ಸಮನಾಗಿ ತೂಗಬೇಕಿತ್ತು. ಹಾಗೆ ತೂಗುತ್ತಿಲ್ಲ ಎಂದಾದರೆ ನಾವು ನೋಡುತ್ತಿರುವುದು ಅರ್ಥವನ್ನಲ್ಲ.

ಅಂತರ್ಜಾಲದ ಹೆಸರಿನ ಪಟ್ಟಿಗಳಲ್ಲಿ ಪ್ರತಿ ಹೆಸರಿಗೂ ರಾಜಕುಮಾರಿ, ಸ್ವರ್ಗದ ಹೂವು, ಚಂದ್ರನ ಬೆಳಕು ಎಂಬ ಅರ್ಥಗಳು ಧಾರಾಳವಾಗಿ ಸಿಗುತ್ತವೆ. ನಿಘಂಟು ತೆರೆದರೆ ಹಲವದರ ಸುಳಿವೂ ಇರುವುದಿಲ್ಲ. ಆ ಪಟ್ಟಿಗಳ ಅಳತೆಗೋಲನ್ನು ಪ್ರವಾದಿ(ಸ)ಯವರ ಮನೆಗೆ ಒಯ್ದು ನೋಡಿ. ಖದೀಜಾ ಎಂದರೆ ಅವಧಿಗೆ ಮುನ್ನ ಹುಟ್ಟಿದವಳು. ಫಾತಿಮಾ ಎಂಬುದು ಮೊಲೆ ಬಿಡಿಸುವ ಕ್ರಿಯೆಗೆ ಸಂಬಂಧಿಸಿದ ಪದ. ಝೈನಬ್ ಎಂದರೆ ಸುವಾಸನೆಯ ಒಂದು ಗಿಡ ಎನ್ನುತ್ತಾರೆ ನಿಘಂಟುಕಾರರು. ಇವುಗಳಲ್ಲಿ ರಾಜಕುಮಾರಿಯೂ ಇಲ್ಲ, ಬೆಳದಿಂಗಳೂ ಇಲ್ಲ. ಆದರೂ ಸಾವಿರದ ನಾನೂರು ವರ್ಷಗಳಿಂದ ಮುಸ್ಲಿಮ್ ಲೋಕವು ತನ್ನ ಹೆಣ್ಣುಮಕ್ಕಳಿಗೆ ಇವೇ ಹೆಸರುಗಳನ್ನಿಟ್ಟು ಬಂದಿದೆ. ಕಾರಣ ನಿಘಂಟಿನಲ್ಲಿಲ್ಲ. ಹಿರಾ ಗುಹೆಯಿಂದ ನಡುಗುತ್ತಾ ಇಳಿದು ಬಂದವರನ್ನು ಹೊದಿಸಿ ಸಂತೈಸಿದ ಮಹಿಳೆಯ ಹೆಸರು ಖದೀಜಾ ಆಗಿತ್ತು. ಆ ಪದಕ್ಕೆ ಅರ್ಥ ತುಂಬಿದವರು ಅವರು.

ಹಿಂದಿನವರ ಹೆಸರಿಡುವುದು ಅಜ್ಜಿಯಂದಿರ ಹಠವೆಂದು ತಿಳಿದವರಿಗೆ ಇನ್ನೊಂದು ಸಂಗತಿ. ನಜ್ರಾನಿನ ಕ್ರೈಸ್ತರು ಮುಗೀರಾ(ರ)ರನ್ನು ಕೇಳಿದರಂತೆ: ಕುರ್‌ಆನ್ ಮರ್ಯಮರನ್ನು ಹಾರೂನರ ಸಹೋದರಿ ಎನ್ನುತ್ತದಲ್ಲ, ಅವರಿಬ್ಬರ ನಡುವೆ ಅಷ್ಟು ಕಾಲದ ಅಂತರವಿರುವಾಗ ಅದು ಹೇಗೆ? ಮುಗೀರಾ(ರ) ಪ್ರವಾದಿ(ಸ)ಯವರಲ್ಲಿ ವಿಚಾರಿಸಿದಾಗ, ಆ ಜನರು ತಮಗಿಂತ ಮುಂಚಿನ ಪ್ರವಾದಿಗಳ ಮತ್ತು ಸಜ್ಜನರ ಹೆಸರುಗಳನ್ನು ಇಟ್ಟುಕೊಳ್ಳುತ್ತಿದ್ದರು ಎಂಬ ವಿವರಣೆ ದೊರೆಯಿತು. ಸಹೀಹ್ ಮುಸ್ಲಿಮ್‌ನಲ್ಲಿರುವ ವರದಿಯಿದು. ಸ್ವತಃ ಪ್ರವಾದಿ(ಸ)ಯವರು ತಮ್ಮ ಪುಟ್ಟ ಮಗನಿಗೆ ಪಿತಾಮಹ ಇಬ್ರಾಹೀಮ್(ಅ)ರ ಹೆಸರನ್ನಿಟ್ಟರು. ಅದೂ ಮಗು ಹುಟ್ಟಿದ ರಾತ್ರಿಯೇ. ಪಟ್ಟಿ ಹುಡುಕುತ್ತಾ ಕೂರಲಿಲ್ಲ.

ಹಾಗಾದರೆ ಅರ್ಥಕ್ಕೆ ಬೆಲೆಯೇ ಇಲ್ಲವೆ? ಇದೆ, ಖಂಡಿತವಾಗಿ ಇದೆ. ಉಮರ್(ರ)ರ ಮಗಳೊಬ್ಬಳ ಹೆಸರು ಆಸಿಯಾ ಎಂದಿತ್ತು. ಪ್ರವಾದಿ(ಸ) ಅದನ್ನು ಬದಲಿಸಿ ಜಮೀಲಾ ಎಂದು ಕರೆದರು. ಇದನ್ನು ಓದಿದ ಕೆಲವರು ನಮ್ಮೂರ ಆಸಿಯಾಗಳನ್ನು ಗಾಬರಿಗೊಳಿಸಿದ್ದುಂಟು. ಗಾಬರಿ ಬೇಡ. ಕನ್ನಡದಲ್ಲಿ ಒಂದೇ ರೀತಿ ಬರೆಯುವ ಎರಡು ಹೆಸರುಗಳಿವು. ಐನ್ ಮತ್ತು ಸ್ವಾದ್ ಅಕ್ಷರಗಳಿಂದ ಬರೆದರೆ ಅದು ಆಜ್ಞೋಲ್ಲಂಘನೆ ಮಾಡುವವಳು ಎಂದಾಗುತ್ತದೆ, ಬದಲಾಯಿಸಲ್ಪಟ್ಟದ್ದು ಅದು. ಅಲಿಫ್ ಮತ್ತು ಸೀನ್‌ನಿಂದ ಬರೆದರೆ ಅದು ಫಿರ್‌ಔನನ ಅರಮನೆಯಲ್ಲಿದ್ದೂ ಸತ್ಯವನ್ನು ಹಿಡಿದ ಮಹಿಳೆಯ ಹೆಸರು. ಅದನ್ನು ಇಟ್ಟುಕೊಳ್ಳಲು ಹೆಮ್ಮೆಪಡಬೇಕು. ಬರ್ರಾ ಎಂದರೆ ಪುಣ್ಯವಂತೆ. ಆ ಹೆಸರನ್ನೂ ಪ್ರವಾದಿ(ಸ) ಬದಲಿಸಿದರು, ಏಕೆಂದರೆ ಅದರಲ್ಲಿ ಆತ್ಮಪ್ರಶಂಸೆಯ ವಾಸನೆಯಿತ್ತು. ಝೈನಬ್ ಎಂಬ ಗಿಡದ ಹೆಸರು ಬಂದು ಕುಳಿತದ್ದು ಆ ಪುಣ್ಯವಂತೆಯ ಸ್ಥಾನದಲ್ಲೇ. ಆಡಂಬರದ ಅರ್ಥಗಳ ಹಿಂದೆ ಓಡುವವರು ಈ ಒಂದು ಬದಲಾವಣೆಯ ಬಗ್ಗೆ ತುಸು ಯೋಚಿಸಲಿ.

ಅರ್ಥ ತಿಳಿಯದೆ ಇಡುವ ಅಪಾಯವೂ ಸಣ್ಣದಲ್ಲ. ಕುರ್‌ಆನಿನಲ್ಲಿದೆ ಎಂಬ ಒಂದೇ ಕಾರಣಕ್ಕೆ, ಕಿವಿಗೆ ಇಂಪೆನಿಸಿದ ಪದವನ್ನು ಎತ್ತಿ ಮಗುವಿಗೆ ಅಂಟಿಸುವ ಅಭ್ಯಾಸ ಹೆಚ್ಚುತ್ತಿದೆ. ಕುರ್‌ಆನಿನಲ್ಲಿ ಸ್ವರ್ಗದ ಮಾತಿರುವಂತೆ ನರಕದ ಮಾತೂ ಇದೆ. 'ಹಾವಿಯಾ' ಎಂಬುದು ಕೇಳಲು ಸೊಗಸು. ಅದು ನರಕದ ಆಳ ಕಂದಕ. 'ಝಾನಿಯಾ' ಎಂಬುದು ಇಂದಿನ ಹೆಸರುಗಳ ಲಯಕ್ಕೆ ಚೆನ್ನಾಗಿ ಹೊಂದುತ್ತದೆ. ಅದರ ಅರ್ಥ ವ್ಯಭಿಚಾರಿಣಿ. ಮದ್ರಸದ ಉಸ್ತಾದರಿಗೆ ಒಂದು ಫೋನ್ ಮಾಡಿದರೆ ತಿಳಿಯುವ ವಿಷಯವಿದು. ಉಡುಪಿನ ಬಣ್ಣ ಹೊಂದಿತೇ ಎಂದು ಹತ್ತು ಜನರನ್ನು ಕೇಳುವ ನಾವು ಇದಕ್ಕೆ ಒಬ್ಬರನ್ನೂ ಕೇಳುವುದಿಲ್ಲ.

ಇನ್ನು, 'ಇಸ್ಲಾಮೀ ಹೆಸರುಗಳು' ಎಂಬ ತಲೆಬರಹದ ಕೆಳಗೇ ಅದೃಷ್ಟ ಸಂಖ್ಯೆ, ಅದೃಷ್ಟ ರತ್ನ, ಅದೃಷ್ಟ ಲೋಹಗಳನ್ನು ನಮೂದಿಸುವ ಪುಟಗಳ ಬಗ್ಗೆ ಏನು ಹೇಳಲಿ? ಗ್ರಹ ನಕ್ಷತ್ರಗಳಿಗೆ ಹೆದರಬೇಡಿ ಎಂದು ಕಲಿಸಿದ ಧರ್ಮದ ಹೆಸರಿನಲ್ಲೇ ಈ ವ್ಯಾಪಾರ. ಅದಕ್ಕಿಂತ ನೋವು ತರುವುದು ನಮ್ಮ ಮನೆಗಳಲ್ಲೇ ಇರುವ 'ಹೆಸರು ಭಾರವಾಯಿತು' ಎಂಬ ಮಾತು. ಮಗುವಿಗೆ ಪದೇ ಪದೇ ಜ್ವರ ಬಂದರೆ, ರಾತ್ರಿ ಅತ್ತರೆ, ಯಾರೋ ಬಂದು ಈ ಹೆಸರು ಇವಳಿಗೆ ಭಾರ, ಬದಲಿಸಿ ಎನ್ನುತ್ತಾರೆ. ಅಕ್ಷರಗಳ ಸಂಖ್ಯೆ ಕೂಡಿಸಿ ಹೊಸ ಹೆಸರು ಕೊಡುವವರೂ ಇದ್ದಾರೆ, ಅದಕ್ಕೆ ಹದಿಯಾ ಪಡೆಯುವವರೂ ಇದ್ದಾರೆ. ಫಾತಿಮಾ ಎಂಬ ಹೆಸರು ಭಾರವಾಯಿತೆಂದು ತೆಗೆದು ಬೇರೇನೋ ಇಟ್ಟ ಮನೆಯನ್ನು ನಾನು ಬಲ್ಲೆ. ಮಗುವಿಗೆ ಬೇಕಿದ್ದುದು ಮಕ್ಕಳ ವೈದ್ಯರು. ಶಕುನ ನೋಡುವುದನ್ನು ಪ್ರವಾದಿ(ಸ) ನಿರಾಕರಿಸಿದ್ದಾರೆ. ಸಈದ್ ಬಿನ್ ಮುಸಯ್ಯಬ್‌ರ ಅಜ್ಜನ ಕಥೆಯನ್ನು ಇದಕ್ಕೆ ಸಾಕ್ಷಿಯಾಗಿ ತರುವವರಿದ್ದಾರೆ. ಅವರ ಹೆಸರು ಹಝ್ನ್, ಅಂದರೆ ಒರಟು. ಪ್ರವಾದಿ(ಸ) ಅದನ್ನು ಸಹ್ಲ್, ಅಂದರೆ ಮೃದು ಎಂದು ಬದಲಿಸಲು ಸೂಚಿಸಿದಾಗ ತಂದೆಯಿಟ್ಟ ಹೆಸರನ್ನು ಬಿಡಲಾರೆನೆಂದರು. ಆ ಒರಟುತನ ನಮ್ಮ ಮನೆತನದಲ್ಲಿ ಉಳಿದುಹೋಯಿತೆಂದು ಮೊಮ್ಮಗ ಮುಂದೆ ಹೇಳಿಕೊಂಡರು. ಆದರೆ ಇಲ್ಲಿ ಬಿಡಬೇಕಾಗಿದ್ದುದು ಕೆಟ್ಟ ಅರ್ಥದ ಹೆಸರು, ಬಿಡಿ ಎಂದವರು ಅಲ್ಲಾಹನ ಸಂದೇಶವಾಹಕರು. ಇದನ್ನು ತೋರಿಸಿ ಫಾತಿಮಾ ಎಂಬ ಹೆಸರನ್ನು ತೆಗೆಸುವುದು ಎಂಥ ತರ್ಕ?

ನಮ್ಮಲ್ಲಿ ರಾಜಿಯ ಒಂದು ಸೂತ್ರವಿದೆ. ಅಜ್ಜಿಯ ಸಮಾಧಾನಕ್ಕೆ ಮುಂದೆ 'ಫಾತಿಮಾ' ಎಂದೋ 'ಆಯಿಶಾ' ಎಂದೋ ಸೇರಿಸುವುದು, ಕರೆಯಲು ಹೊಸ ಹೆಸರು. ಎರಡನ್ನೂ ಬಳಸಿದರೆ ಚೆಂದವೇ. ಆದರೆ ನಡೆಯುವುದೇನು? ಮನೆಯಲ್ಲಿ ಫಾತಿಮಾ ಎಂದು ಯಾರೂ ಕರೆಯುವುದಿಲ್ಲ. ಶಾಲೆಯ ಹಾಜರಿ ಪುಸ್ತಕದಲ್ಲಿ ಅದು 'ಎಫ್.' ಆಗುತ್ತದೆ. ಪ್ರವಾದಿ(ಸ)ಯವರ ಮಗಳ ಹೆಸರು ಒಂದು ಇಂಗ್ಲಿಷ್ ಅಕ್ಷರ ಮತ್ತು ಚುಕ್ಕೆಯಾಗಿ ಉಳಿಯುತ್ತದೆ. ಇದು ಗೌರವವೆ? ಇಡುವುದಾದರೆ ಕರೆಯುವುದಕ್ಕೆ ಇಡಿ. (ಅತ್ತೆಯ ಹೆಸರಿಟ್ಟರೆ ಮಗುವನ್ನು ಗದರುವುದು ಹೇಗೆ ಎಂಬ ಸೊಸೆಯಂದಿರ ಕಷ್ಟ ನನಗೆ ಗೊತ್ತಿದೆ. ಅದಕ್ಕೆ ಪರಿಹಾರ ಗದರುವುದನ್ನು ಕಡಿಮೆ ಮಾಡುವುದು.)

ಈಗ ಸ್ವಲ್ಪ ಕಠಿಣವಾದ ಮಾತಿಗೆ ಬರುತ್ತೇನೆ. ನಗರದಲ್ಲಿರುವ ಹಲವು ತಂದೆತಾಯಿಯರು ಇಂದು ಹುಡುಕುತ್ತಿರುವುದು ಹೊಸ ಹೆಸರನ್ನಲ್ಲ, ಗುರುತು ಹಿಡಿಯಲಾಗದ ಹೆಸರನ್ನು. ಬಾಡಿಗೆ ಮನೆ ಕೇಳಿದಾಗ, ಕೆಲಸಕ್ಕೆ ಅರ್ಜಿ ಹಾಕಿದಾಗ ಹೆಸರು ಕೇಳಿಯೇ ಬಾಗಿಲು ಮುಚ್ಚಿದ ಅನುಭವ ಅವರಿಗಿದೆ. ಆ ಅನುಭವ ಮಗಳಿಗೆ ಬರಬಾರದೆಂಬ ಕಳವಳವನ್ನು ಹೇಡಿತನ ಎಂದು ಕರೆಯುವಷ್ಟು ಕಲ್ಲು ಹೃದಯ ನನಗಿಲ್ಲ. ಆದರೂ ಕೇಳಬೇಕಾಗುತ್ತದೆ: ಆ ಮರೆ ಎಷ್ಟು ದೂರ ಬರುತ್ತದೆ? ಅವಳ ಪ್ರತಿ ಅರ್ಜಿಯಲ್ಲೂ ಅವಳ ಹೆಸರಿನ ಮುಂದಿನ ಸಾಲಿನಲ್ಲಿ ತಂದೆಯ ಹೆಸರಿರುತ್ತದೆ. ಅಬ್ದುರ್ರಹ್ಮಾನನ ಮಗಳು ಯಾವ ಹೆಸರಿನಲ್ಲಿದ್ದರೂ ಅಬ್ದುರ್ರಹ್ಮಾನನ ಮಗಳೇ. ಬಾಗಿಲು ಮುಚ್ಚುವವನು ಆ ಸಾಲನ್ನೂ ಓದುತ್ತಾನೆ. ಅಲ್ಲಿಗೆ ರಕ್ಷಣೆ ದೊರೆಯಲಿಲ್ಲ; ಆದರೆ ತನ್ನ ಹೆಸರು ಮರೆಮಾಡಲೆಂದು ಇಟ್ಟದ್ದು ಎಂಬ ತಿಳಿವಳಿಕೆ ಅವಳಲ್ಲಿ ಉಳಿಯುತ್ತದೆ. ನೀನು ಯಾರೆಂಬುದು ಹೊರಗೆ ತಿಳಿಯಬಾರದು ಎಂಬುದು ತಂದೆತಾಯಿ ಮಗಳಿಗೆ ಹೇಳಿದ ಮೊದಲ ಮಾತಾಗುತ್ತದೆ. ಕನ್ನಡಿಗರ ಮನೆಮನೆಯ ಪುಸ್ತಕಗಳ ಮೇಲೆ ಸಾರಾ ಎಂಬ ಹೆಸರು ಅಚ್ಚಾಗಿದೆ, ಬಾನು ಎಂಬ ಹೆಸರು ಅಚ್ಚಾಗಿದೆ. ಸಾರಾ ಅಬೂಬಕರ್ ಆಗಲಿ ಬಾನು ಮುಷ್ತಾಕ್ ಆಗಲಿ ಬೇರೆ ಹೆಸರಿನ ಮರೆಯಲ್ಲಿ ಬರೆಯಲಿಲ್ಲ. ಅವರ ಬರಹಗಳ ಬಗ್ಗೆ ನಮ್ಮ ಸಮುದಾಯದಲ್ಲಿ ತಕರಾರುಗಳಿದ್ದವು, ಇವೆ. ಅದು ಬೇರೆ ಚರ್ಚೆ. ಕನ್ನಡ ಓದುಗನ ನಾಲಿಗೆಯ ಮೇಲೆ ಆ ಹೆಸರುಗಳು ಸಲೀಸಾಗಿ ಕುಳಿತಿವೆ ಎಂಬುದಷ್ಟೇ ನನ್ನ ಮಾತು.

ಇನ್ನೊಂದು ದಿಕ್ಕಿನಿಂದಲೂ ಅವ್ವಮ್ಮನ ಮೇಲೆ ಆಕ್ರಮಣವಿದೆ. ಅದು ಶುದ್ಧೀಕರಣದವರದ್ದು. ಪಾತುಮ್ಮ, ಐಸಮ್ಮ, ಮರಿಯಮ್ಮ, ಬೀಫಾತಿಮ್ಮ ಇವೆಲ್ಲ ಕೆಟ್ಟುಹೋದ ಹೆಸರುಗಳು, ಅಪ್ಪಟ ಅರಬಿಯಲ್ಲ ಎಂಬುದು ಅವರ ವಾದ. ಫಾತಿಮಾ ಎಂಬ ಹೆಸರಿಗೆ ನಮ್ಮ ನೆಲದ 'ಅಮ್ಮ' ಸೇರಿ ಪಾತುಮ್ಮ ಆಯಿತು. ಹವ್ವಾ ಎಂಬುದಕ್ಕೆ ಸೇರಿ ಅವ್ವಮ್ಮ ಆಯಿತು. ಉತ್ತರ ಕರ್ನಾಟಕದಲ್ಲಿ 'ಬಿ' ಸೇರಿ ಫಾತಿಮಾಬಿ, ಹುಸೇನಬಿ ಆಯಿತು. ಇದರಲ್ಲಿ ಕೆಟ್ಟದ್ದೇನು? ಧರ್ಮವು ಒಂದು ನಾಡಿಗೆ ಬಂದು ಅಲ್ಲಿ ಮನೆ ಮಾಡಿದ್ದಕ್ಕೆ ಇದಕ್ಕಿಂತ ಸರಳವಾದ ಸಾಕ್ಷಿ ಇಲ್ಲ. ಮರ್ಯಮ್ ಎಂಬುದೂ ಮೂಲತಃ ಅರಬಿ ಹೆಸರಲ್ಲ. ಈಜಿಪ್ಟಿನಿಂದ ಬಂದ ಮಾರಿಯಾ(ರ) ಮದೀನಾದಲ್ಲಿಯೂ ಮಾರಿಯಾ ಆಗಿಯೇ ಉಳಿದರು. ಅರ್ಥ ಕೆಡದಿದ್ದರೆ, ಬಹುದೇವಾರಾಧನೆಯ ಸೋಂಕಿಲ್ಲದಿದ್ದರೆ, ಹೆಸರು ಯಾವ ಭಾಷೆಯದೆಂದು ಕೇಳುವ ಅಧಿಕಾರ ಇವರಿಗೆ ಕೊಟ್ಟವರು ಯಾರು? ಅಜ್ಜಿಯನ್ನು ಹಳಬಳೆಂದು ಮೊಮ್ಮಕ್ಕಳು ದೂಡುತ್ತಾರೆ, ಅಶುದ್ಧಳೆಂದು ಇವರು ದೂಡುತ್ತಾರೆ. ಎರಡೂ ಕಡೆಯಿಂದ ತಳ್ಳಿಸಿಕೊಂಡವರು ಬಾಗಿಲ ಬಳಿ ಕುಳಿತು, ನನ್ನ ಹೆಸರು ಬೇಡ ಎನ್ನುತ್ತಾರೆ.

ಕೊನೆಯದಾಗಿ, ಆ ಒಳಕೋಣೆಯ ವಿಷಯ. ಎರಡು ದಿನಗಳ ಚರ್ಚೆಯಲ್ಲಿ ಬಾಣಂತಿಯ ಅಭಿಪ್ರಾಯವನ್ನು ಯಾರೂ ಗಂಭೀರವಾಗಿ ಕೇಳಿರಲಿಲ್ಲ. ಹೆಸರಿಡುವುದು ತಂದೆಯ ಹಕ್ಕು ಎಂಬ ಮಾತೊಂದು ಅಲ್ಲಿ ಕೇಳಿಬಂತು. ಇದಕ್ಕೆ ಆಧಾರವಿಲ್ಲವೆಂದು ನಾನು ಹೇಳುವುದಿಲ್ಲ. ತಂದೆತಾಯಿಯರಲ್ಲಿ ಭಿನ್ನಾಭಿಪ್ರಾಯ ಬಂದರೆ ಹಕ್ಕು ತಂದೆಯದೆಂದು ಇಬ್ನುಲ್ ಖಯ್ಯಿಮ್ ನವಜಾತ ಶಿಶುವಿನ ಕುರಿತ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಬರೆದಿದ್ದಾರೆ. ಆದರೆ ಆ ಮಾತು ಜಗಳ ಬಗೆಹರಿಯದಿದ್ದಾಗಿನದು. ಕೇಳದೆಯೇ ತೀರ್ಮಾನಿಸಲು ಅದು ಪರವಾನಗಿಯಲ್ಲ. ಕುರ್‌ಆನಿನಲ್ಲಿ ಹೆಸರು ಹಿಡಿದು ಪ್ರಸ್ತಾಪಿಸಲ್ಪಟ್ಟ ಮಹಿಳೆ ಒಬ್ಬರೇ, ಮರ್ಯಮ್(ಅ). ಆ ಹೆಸರನ್ನು ಇಟ್ಟವರು ಯಾರು? ತಾಯಿ. ಇಮ್ರಾನರ ಪತ್ನಿ ಹೆತ್ತ ಕೂಡಲೇ ತನ್ನ ಪ್ರಭುವಿನೊಡನೆ ಮಾತನಾಡುತ್ತಾ, ತಾನು ಹೆತ್ತದ್ದು ಹೆಣ್ಣೆಂದೂ ಅದಕ್ಕೆ ಮರ್ಯಮ್ ಎಂದು ಹೆಸರಿಟ್ಟಿರುವೆನೆಂದೂ ಹೇಳಿದ್ದು ಆಲು ಇಮ್ರಾನ್ ಅಧ್ಯಾಯದಲ್ಲಿದೆ. ಆಗ ಇಮ್ರಾನ್ ತೀರಿಕೊಂಡಿದ್ದರು, ಹಾಗಾಗಿ ತಾಯಿ ಇಟ್ಟರು ಎಂದು ವ್ಯಾಖ್ಯಾನಕಾರರ ಮಾತನ್ನು ಮುಂದಿಡುವವರಿದ್ದಾರೆ. ಇರಬಹುದು. ಆದರೂ ಲೋಕಾಂತ್ಯದವರೆಗೆ ಓದಲ್ಪಡುವ ಗ್ರಂಥವು ಆ ತಾಯಿಯ ಆಯ್ಕೆಯನ್ನು ದಾಖಲಿಸಿ, ಸ್ವೀಕರಿಸಿ, ಒಂದು ಅಧ್ಯಾಯಕ್ಕೇ ಆ ಹೆಸರು ನಿಲ್ಲುವಂತೆ ಮಾಡಿತಲ್ಲವೆ?

ಅದಕ್ಕಿಂತಲೂ ನೇರವಾದ ದಾರಿ ಅಲ್ ಬಕರಾ ಅಧ್ಯಾಯದಲ್ಲಿದೆ. ಎರಡು ವರ್ಷ ತುಂಬುವ ಮೊದಲೇ ಮಗುವಿಗೆ ಮೊಲೆ ಬಿಡಿಸುವುದಾದರೆ ಅದು ತಂದೆತಾಯಿ ಇಬ್ಬರ ಒಪ್ಪಿಗೆ ಮತ್ತು ಸಮಾಲೋಚನೆಯಿಂದ ಆಗಬೇಕೆಂದು ಅಲ್ಲಿ ಹೇಳಲಾಗಿದೆ. ಕೆಲವು ತಿಂಗಳ ಹಾಲಿನ ವಿಷಯಕ್ಕೇ ಇಬ್ಬರೂ ಕೂತು ಮಾತನಾಡಬೇಕು. ಅರುವತ್ತು ಎಪ್ಪತ್ತು ವರ್ಷ ಹೊರಬೇಕಾದ ಹೆಸರಿಗೆ ಬೇಡವೆ? ದುಬೈಯ ಭಾವನಿಗೆ ಸಿಕ್ಕ ಸಮಾಲೋಚನೆಯ ಹಕ್ಕು ಒಂಬತ್ತು ತಿಂಗಳು ಹೊತ್ತವಳಿಗೆ ಸಿಗದಿದ್ದರೆ ಅದನ್ನು ಯಾವ ಮದ್‌ಹಬಿನ ಫತ್ವಾ ಎಂದು ಕರೆಯೋಣ?

ಅವಸರಪಡಿಸುವವರಿಗೆ ಎರಡು ಮಾತು. ಹುಟ್ಟಿದ ದಿನವೂ ಹೆಸರಿಡಬಹುದು, ಅಕೀಕಾದ ಏಳನೆಯ ದಿನವೂ ಇಡಬಹುದು. ಎರಡಕ್ಕೂ ಹದೀಸ್‌ಗಳಲ್ಲಿ ಆಧಾರವಿದೆ. (ಗಂಡಾದರೆ ಎರಡು ಕುರಿಯ ಅಕೀಕಾ ಅದ್ದೂರಿಯಾಗಿ ನಡೆಸಿ, ಹೆಣ್ಣಾದರೆ ಒಂದು ಕುರಿಯನ್ನೂ ಮರೆಯುವ ಮನೆಗಳ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.) ಸರಕಾರದ ಕಚೇರಿಯೂ ಅವಸರ ಮಾಡುವುದಿಲ್ಲ. ಜನನವನ್ನು 21 ದಿನಗಳೊಳಗೆ ನೋಂದಾಯಿಸಬೇಕು, ಆದರೆ ಹೆಸರಿಲ್ಲದೆಯೂ ನೋಂದಣಿಯಾಗುತ್ತದೆ. 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರನ್ನು ಸೇರಿಸಬಹುದು. ಕೊಡುವಾಗ ಮಾತ್ರ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಕಾಗುಣಿತವನ್ನು ಕಾಗದದಲ್ಲಿ ಬರೆದುಕೊಂಡು ಹೋಗಿ. ಜನನ ಪತ್ರದಲ್ಲಿ ಒಂದು, ಆಧಾರ್‌ನಲ್ಲಿ ಒಂದು, ಅಂಕಪಟ್ಟಿಯಲ್ಲಿ ಇನ್ನೊಂದು ಆಯಿಶಾ ಆಗಿ ಪಾಸ್‌ಪೋರ್ಟಿನ ಹೊತ್ತಿಗೆ ಅಫಿದವಿತ್ ಹಿಡಿದು ಅಲೆಯುವ ಹುಡುಗಿಯರು ನಮ್ಮಲ್ಲಿ ಬೇಕಾದಷ್ಟಿದ್ದಾರೆ.

ಆ ಮನೆಯಲ್ಲಿ ಗ್ರೀಕ್ ಹವ್ವಾಳ ಕಥೆಯನ್ನು ನಾನು ಹೇಳಿದಾಗ ಮಗುವಿನ ತಂದೆ ನಕ್ಕ. ಮರುದಿನ ಅವನೇ ಒಳಕೋಣೆಗೆ ಹೋಗಿ ಹೆಂಡತಿಯೊಡನೆ ಮಾತನಾಡಿದನಂತೆ. ಏಳನೆಯ ದಿನ ಮಗುವಿಗೆ ಹವ್ವಾ ಎಂದು ಹೆಸರಿಟ್ಟರು. ಅಜ್ಜಿ ಮಾತ್ರ ಇನ್ನೂ ಒಪ್ಪಿಲ್ಲ. ತನ್ನ ಹೆಸರನ್ನು ತಾನೇ ಕೂಗಿ ಕರೆಯಲು ನಾಚಿಕೆಯಂತೆ. ಮನೆಯಲ್ಲಿ ಆ ಮಗುವನ್ನು ಈಗ 'ಜೋಯಾ' ಎಂದು ಕರೆಯುವವರು ಅವ್ವಮ್ಮ ಒಬ್ಬರೇ.